ಹೊಟ್ಟೆನೋವಿಗೆ ವಾರ ಕೇಳಿದ ಡಾಕ್ಟ್ರು

ಓದೋ ಎಲ್ಲರಿಗೂ ನಮಸ್ಕಾರ. ನಾನು ದೊಡ್ಡಬಳ್ಳಾಪುರದ ನೇಕಾರ. ಬರೆಯೋದು ನನ್ನ ಕಸುಬಲ್ಲ. ಮೊಮ್ಮಗಳು ಕಂಪ್ಯೂಟರ್ ಮುಂದೆ ಕೂರಿಸಿ, ಯಾವ ಅಕ್ಷರ ಎಲ್ಲಿದೆ ಅಂತ ತೋರಿಸಿ ಹೋಗಿದ್ದಾಳೆ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತಾ ಇದ್ದೀನಿ. ಒತ್ತಕ್ಷರ ಹೆಚ್ಚುಕಮ್ಮಿ ಆಗಿರುತ್ತೆ, ಹೇಳಿದ್ದನ್ನೇ ಎರಡು ಸಲ ಹೇಳಿರ್ತೀನಿ. ನೀವೇ ತಿದ್ದಿಕೊಂಡು ಓದ್ಬೇಕು. ಅಕ್ಷರ ಕಲ್ತಿದ್ದೇ ಮೂವತ್ತರ ವಯಸ್ಸಿನ ಹತ್ರ ಹತ್ರ, ಹೆಂಡ್ತಿ ಮಕ್ಕಳು ಆದ್ಮೇಲೆ.

ಹೋದ ತಿಂಗಳು ಮಂಡಿನೋವು ಅಂತ ಆಸ್ಪತ್ರೆಗೆ ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಂಡಿ ಮುಟ್ಟೋ ಮುಂಚೆ, "ತಾತ, ಯಾವ ವಾರ ನೋವು ಜಾಸ್ತಿ?" ಅಂದ್ರು. ನಾನು ಕೂತಲ್ಲೇ ಬೆಚ್ಚಿಬಿದ್ದೆ. ಈ ಪ್ರಶ್ನೆ ಕೇಳಿ ಐವತ್ತು ವರ್ಷದ ಮೇಲಾಗಿತ್ತು. "ಯಾರಮ್ಮಾ ನಿಮಗೆ ಇದನ್ನ ಹೇಳಿಕೊಟ್ಟೋರು?" ಅಂತ ಕೇಳ್ದೆ. ಅವರ ಮೇಷ್ಟ್ರಂತೆ. ಆ ಮೇಷ್ಟ್ರಿಗೆ ಹೇಳಿಕೊಟ್ಟೋರು ಯಾರು ಅಂತ ಆಯಮ್ಮನಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು. ಮನೆಗೆ ಬಂದು ಮೊಮ್ಮಗಳಿಗೆ, "ಆ ಮಿಷನ್ನು ಹಾಕು, ಬರೀಬೇಕು" ಅಂದೆ.

ನಮ್ಮ ಡಾಕ್ಟ್ರು ಕುಳ್ಳಗಿದ್ರು. ಪ್ಯಾಂಟನ್ನ ಹೊಟ್ಟೆ ಮೇಲಕ್ಕೆ ಎಳೆದು ಬೆಲ್ಟ್ ಬಿಗೀತಿದ್ರು. ಹಳೇ ಪೇಟೆಯಲ್ಲಿ ಅವರ ಹೆಂಡ್ತಿ ತೌರುಮನೆ ಇತ್ತು, ಅದರ ಮುಂದಿನ ಕೋಣೇಲೇ ದವಾಖಾನೆ. ಮೇಜಿನ ಮೇಲೆ ಒಂದು ತಟ್ಟೆ ಹುರಿದ ಕಡ್ಲೆಕಾಯಿ ಯಾವಾಗ್ಲೂ ಇರೋದು. ನಾವು ಮಾತಾಡ್ತಾ ಇದ್ರೆ ಅವರು ಸಿಪ್ಪೆ ಸುಲೀತಾ ಕೇಳೋರು. ನಾವು ಮಾತು ನಿಲ್ಲಿಸಿದ್ರೆ, "ಆಮೇಲೆ?" ಅನ್ನೋರು. ಅಷ್ಟೇ. ಆ ಒಂದು ಮಾತಿಗೆ ಜನ ಬಾಯಿ ಬಿಡ್ತಿದ್ರು. ಕಿವಿಗೆ ಹಾಕ್ಕೊಳ್ಳೋ ಕೊಳವೆ ಜೇಬಲ್ಲೇ ಇರ್ತಿತ್ತು, ಅದು ಹೊರಗೆ ಬರ್ತಿದ್ದಿದ್ದು ಎಲ್ಲಾ ಮಾತು ಮುಗಿದ ಮೇಲೆ.

ಇನ್ನೊಂದು ಅಭ್ಯಾಸ ಇತ್ತು. ಬಂದೋರ ಪಾದ ಮುಟ್ಟಿ, ಬೆಚ್ಚಗಿದೆಯೋ ತಣ್ಣಗಿದೆಯೋ ನೋಡೋರು. ನಮ್ಮ ಕಡೆ ಹೆಂಗಸರಿಗೆ ಇದು ಆಗ್ತಿರ್ಲಿಲ್ಲ. ಒಬ್ಬ ಮುದುಕಿ ಕಾಲು ಎಳ್ಕೊಂಡು, "ಅಯ್ಯಯ್ಯೋ, ದೊಡ್ಡೋರು ನೀವು, ನನ್ ಕಾಲು ಮುಟ್ತೀರಲ್ಲ ಸ್ವಾಮಿ, ನಂಗೆ ಪಾಪ ಬರುತ್ತೆ!" ಅಂತ ಕಿರುಚಿದ್ಲು.

"ಬರ್ಲಿ ಬಿಡಜ್ಜಿ, ಅದಕ್ಕೂ ಒಂದು ಮಾತ್ರೆ ಬರ್ಕೊಡ್ತೀನಿ" ಅಂದ್ರು.

ಆ ಅಜ್ಜಿ ದೇವನಹಳ್ಳಿ ಕಡೆಯೋಳು. ಉಬ್ಬಸ. ಸೊಸೆ ಒಲೆ ಹಚ್ಚಿದ್ರೆ ಸಾಕು ಉಸಿರು ಕಟ್ಟೋದಂತೆ, ಮಗಳು ಬಂದು ಅದೇ ಒಲೆ ಹಚ್ಚಿದ್ರೆ ಏನೂ ಆಗ್ತಿರ್ಲಿಲ್ವಂತೆ. ಡಾಕ್ಟ್ರು ಉಬ್ಬಸಕ್ಕೆ ಔಷಧಿ ಕೊಟ್ರು. ಜೊತೆಗೆ, "ದಿನಾ ಬೆಳಿಗ್ಗೆ ಸೊಸೆ ಕೈಲಿ ತಲೆಗೆ ಎಣ್ಣೆ ಒತ್ತಿಸ್ಕೋಬೇಕು, ಇದನ್ನ ತಪ್ಪಿಸಿದ್ರೆ ಔಷಧಿ ನಾಟಲ್ಲ" ಅಂದ್ರು. ತಿಂಗಳಾದ ಮೇಲೆ ಅತ್ತೆ ಸೊಸೆ ಇಬ್ರೂ ಒಂದೊಂದು ಕಂಕುಳಲ್ಲಿ ಒಂದೊಂದು ಚಕ್ಕೋತದ ಹಣ್ಣು ಇಟ್ಕೊಂಡು, ದಾರಿ ಉದ್ದಕ್ಕೂ ಜಗಳ ಆಡ್ಕೊಂಡೇ ಬಂದ್ರು. ಅಜ್ಜಿ ಅಷ್ಟು ಜಗಳ ಆಡಿದ್ರೂ ಉಸಿರು ಕಟ್ಟಿರ್ಲಿಲ್ಲ. ಡಾಕ್ಟ್ರು ನಗ್ತಾ ಹಣ್ಣು ಇಸ್ಕೊಂಡ್ರು.

ಇದನ್ನ ಕೇಳಿ ಯಾರೂ, ಅಜ್ಜಿ ನಾಟಕ ಆಡ್ತಿದ್ಲು ಅಂದ್ಕೋಬಾರ್ದು. ಹಂಗೆ ಅಂದ್ರೆ ಡಾಕ್ಟ್ರಿಗೆ ಕೋಪ ಬರ್ತಿತ್ತು. ಯಾರಾದ್ರೂ "ಇದೆಲ್ಲಾ ಬರೀ ಮನಸ್ಸಿನ ಭ್ರಮೆ ಅಲ್ವಾ ಸಾರ್" ಅಂದ್ರೆ, "ನೋವು ನಿಜ ಕಣಯ್ಯಾ. ಅದು ಬಂದ ದಾರಿ ಬೇರೆ, ಅಷ್ಟೇ" ಅನ್ನೋರು. "ನನಗೂ ತಲೆನೋವು ಬರುತ್ತೆ. ನನ್ನ ಭಾವಮೈದ ಬರ್ತೀನಿ ಅಂತ ಕಾಗದ ಹಾಕಿದ ದಿನ. ತಲೆ ನಿಜವಾಗ್ಲೂ ಸಿಡಿಯುತ್ತೆ, ಕಾಗದ ಹರಿದು ಹಾಕಿದ್ರೂ ಹೋಗಲ್ಲ."

ಅವರು ಹೊರದೇಶಕ್ಕೆ ಹೋಗಿ ಇದನ್ನೇ ಓದ್ಕೊಂಡು ಬಂದಿದ್ರು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೇಲಿ ಕೆಲಸ. ಮನಸ್ಸೂ ಮೈಯೂ ಸೇರಿ ಬರೋ ಕಾಯಿಲೆಗೆ ಬೇರೆ ಕೋಣೆ ಬೇಕು, ಎರಡು ಕುರ್ಚಿ ಬೇಕು ಅಂತ ಕೇಳಿದ್ರಂತೆ. ಅಲ್ಲಿಯೋರು ನಕ್ಕು, ಮೆಟ್ಟಿಲ ಕೆಳಗೆ ಹಳೇ ಮಂಚ ತುಂಬೋ ಕೋಣೆ ಕೊಟ್ರಂತೆ. ಇವರು ಮಂಚ ಎಲ್ಲಾ ಹೊರಗೆ ಹಾಕಿಸಿ, ಅಲ್ಲೇ ಶುರು ಮಾಡಿದ್ರು. ನಮ್ಮ ಸೀಮೇಲಿ ಈ ವೈದ್ಯ ಮೊದಲು ಮಾಡ್ದೋರು ಅವರೇ ಅಂತ ಅವರ ಶಿಷ್ಯರು ಹೇಳೋರು. ಮನೋದೈಹಿಕ ಅಂತ ಅದರ ಹೆಸರು. ಈ ಪದ ಬರೆಯೋದು ಕಲಿಯಕ್ಕೆ ನನಗೆ ಒಂದು ವಾರ ಹಿಡೀತು. ಜೊತೆ ಡಾಕ್ಟ್ರುಗಳು ಅವರಿಗೆ ಇಟ್ಟಿದ್ದ ಹೆಸರು ಮಾತ್ರ ಸುಲಭ, "ಕಥೆ ಡಾಕ್ಟ್ರು" ಅಂತ. ಆಸ್ಪತ್ರೆ ಬಿಟ್ಟು ನಮ್ಮೂರಿಗೆ ಬಂದ ಮೇಲೆ ಆ ಹೆಸರೂ ಜೊತೇಲೇ ಬಂತು. ಅವರಿಗೇನೂ ಬೇಜಾರಿಲ್ಲ. ಭಾನುವಾರ ಭಾನುವಾರ ಬೆಂಗಳೂರಿಂದ ನಾಲ್ಕೈದು ಜನ ಓದೋ ಹುಡುಗ ಹುಡುಗೀರು ಬಸ್ಸಲ್ಲಿ ಬಂದು, ಜಗುಲಿ ಬೆಂಚಿನ ಮೇಲೆ ಕೂತು, ಬರ್ಕೊಂಡು ಹೋಗೋರು.

ಈಗ ನನ್ನ ವಿಷಯಕ್ಕೆ ಬರ್ತೀನಿ.

ಅರವತ್ತರ ದಶಕ ಮುಗೀತಾ ಬಂದಿತ್ತು. ನನಗೆ ಇಪ್ಪತ್ತೆಂಟು. ಆಗ ಬೀದಿ ಬೀದೀಲಿ ಪವರ್‌ಲೂಮ್ ಸದ್ದು ಶುರುವಾಗಿತ್ತು, ನಮ್ಮನೇಲಿ ಇನ್ನೂ ಕೈಮಗ್ಗ. ಅಪ್ಪ ತೀರಿಕೊಂಡ್ರು. ಅಪ್ಪ ಒಂದು ಸಣ್ಣ ನೇಕಾರರ ಸಂಘದಲ್ಲಿ ಡೈರೆಕ್ಟ್ರಾಗಿದ್ರು, ಆ ಜಾಗಕ್ಕೆ ನನ್ನ ಕೂರಿಸಿದ್ರು. ಅಪ್ಪನ ಮಗ ಅಂತ ಕೂರಿಸಿದ್ರೇ ಹೊರತು, ಓದಕ್ಕೆ ಬರುತ್ತಾ ಅಂತ ಯಾರೂ ಕೇಳ್ಲಿಲ್ಲ. ನನಗೆ ಬರ್ತಿರ್ಲಿಲ್ಲ. ಅಪ್ಪ ಹಿಂದೆ ಬರೆದುಕೊಟ್ಟಿದ್ದು ನೋಡಿ, ಸೀರೆ ಅಂಚಿನ ಬುಟ್ಟಾ ಇಳಿಸಿಕೊಳ್ಳೋ ಹಾಗೆ ನನ್ನ ಹೆಸರಿನ ಗೆರೆಗಳನ್ನ ಇಳಿಸಿಕೊಂಡಿದ್ದೆ. ಅದೊಂದು ಬಿಟ್ರೆ ಒಂದಕ್ಷರ ಗೊತ್ತಿಲ್ಲ. ಹೆಂಡ್ತಿಗೆ ಮಾತ್ರ ಇದು ಗೊತ್ತು ಅಂದ್ಕೊಂಡಿದ್ದೆ.

ಪ್ರತಿ ಶುಕ್ರವಾರ ಸಂಘದ ಸಭೆ. ಕಾಗದ ನನ್ನ ಮುಂದೆ ಬರೋದು. ಕೈಲಿ ಹಿಡಿದು, ಕಣ್ಣು ಮೇಲಿಂದ ಕೆಳಕ್ಕೆ ಓಡಿಸಿ, ತಲೆ ಆಡಿಸಿ, ಸಹಿ ಹಾಕಿ ಮುಂದಕ್ಕೆ ಕೊಡೋದು. ಒಂದು ಶುಕ್ರವಾರ ನೂಲು ಹಂಚೋ ಪಟ್ಟಿ ಬಂತು. ಹಂಗೇ ಮಾಡ್ದೆ.

ಆ ಪಟ್ಟೀಲಿ, ಮಗ್ಗ ನಿಂತುಹೋಗಿದೆ ಅಂತ ಕೆಲವರ ಹೆಸರು ಹೊಡೆದುಹಾಕಿದ್ರು. ಅದರಲ್ಲಿ ನಮ್ಮ ದೊಡ್ಡಮ್ಮನ ಹೆಸರೂ ಇತ್ತು. ದೊಡ್ಡಮ್ಮ ಅಂದ್ರೆ ನಮ್ಮಪ್ಪನ ಅಣ್ಣನ ಹೆಂಡ್ತಿ. ದೊಡ್ಡಪ್ಪ ಇರ್ಲಿಲ್ಲ, ಮಕ್ಕಳಿಲ್ಲ. ನಮ್ಮಮ್ಮ ನಾನು ಚಿಕ್ಕೋನಿದ್ದಾಗ್ಲೇ ಹೋಗ್ಬಿಟ್ಟಿದ್ಲು, ನನಗೆ ತುತ್ತು ಇಟ್ಟು ಸಾಕಿದ್ದು ದೊಡ್ಡಮ್ಮನೇ. ಎರಡು ತಿಂಗಳು ಜ್ವರದಲ್ಲಿ ಮಲಗಿದ್ದಕ್ಕೆ ಅವಳ ಮಗ್ಗ ನಿಂತಿತ್ತು, ಅಷ್ಟೇ. ಎದ್ದು ನೂಲು ತರಕ್ಕೆ ಹೋದ್ರೆ, "ನಿನ್ನ ಹೆಸರಿಲ್ಲಮ್ಮ" ಅಂದು ಕಳಿಸಿದ್ರು. ಸೀದಾ ನಮ್ಮನೆಗೆ ಬಂದ್ಲು.

"ನೀನಿದ್ದೂ ಹಿಂಗಾಯ್ತಲ್ಲೋ ಮಗಾ?"

ನನ್ನ ಬಾಯಿಂದ ಏನು ಬಂತು ಅಂದ್ರೆ, "ನಾನು ಅವತ್ತು ಸಭೆಗೆ ಹೋಗಿರ್ಲಿಲ್ಲ ದೊಡ್ಡಮ್ಮ."

ನಂಬಿದ್ಲು. ಸೀರೆ ನೇಯ್ತಿದ್ದ ಕೈ, ಕೂಲಿಗೆ ಊರವರ ಲಾಳಿಯೊಳಗಿನ ಸಣ್ಣ ನೂಲಿನ ಕೊಳವೆ, ಕಂಡಿಕೆ ಅಂತೀವಿ, ಅದನ್ನ ಸುತ್ತಿಕೊಡೋಕೆ ಕೂತ್ಕೊಳ್ತು.

ಆ ತಿಂಗಳಿಂದ ನನಗೆ ಹೊಟ್ಟೆನೋವು. ಬೆಂಕಿ ಇಟ್ಟ ಹಾಗೆ. ಅನ್ನ ಕಂಡ್ರೆ ವಾಂತಿ. ಮಗ್ಗದ ಗುಂಡಿಗೆ ಇಳಿದು ಕಾಲು ಇಟ್ರೆ ಬಗ್ಗಿಕೊಂಡು ಅಲ್ಲೇ ಕೂತುಬಿಡ್ತಿದ್ದೆ. ಬೆಂಗಳೂರಿಗೆ ಹೋಗಿ ತೋರಿಸಿದ್ವಿ. ಸುಣ್ಣದ ನೀರಿನ ತರದ್ದು ಏನೋ ಕುಡಿಸಿ ಎಕ್ಸ್‌ರೇ ತೆಗೆದು, ಹುಣ್ಣಾಗಿದೆ, ಎರಡು ತಿಂಗಳು ನೋಡೋಣ, ವಾಸಿ ಆಗದಿದ್ರೆ ಹೊಟ್ಟೆ ಕುಯ್ದು ಆಪರೇಷನ್ ಮಾಡ್ಬೇಕು ಅಂದ್ರು. ಮಾರನೇ ದಿನ ನನ್ನ ಹೆಂಡ್ತಿ, "ಏಳ್ರೀ, ಆ ಕಥೆ ಡಾಕ್ಟ್ರ ಹತ್ರ ಹೋಗೋಣ" ಅಂದ್ಲು.

"ಕಥೆ ಹೇಳಿದ್ರೆ ಹುಣ್ಣು ಹೋಗುತ್ತೇನೇ?"

"ನಿಮ್ಮ ಕಥೆ ಕೇಳಿ ಕೇಳಿ ನಂಗೇ ಹುಣ್ಣಾಗ್ತಾ ಇದೆ. ಏಳಿ."

ಡಾಕ್ಟ್ರು ಎಕ್ಸ್‌ರೇ ನೋಡಿದ್ರು, ಪಾದ ಮುಟ್ಟಿದ್ರು. ತಣ್ಣಗಿತ್ತು. ಬಿಳೀ ಔಷಧಿ ಬಾಟ್ಲು ಕೊಟ್ರು. ಆಮೇಲೆ, "ಯಾವ ವಾರ ಬರುತ್ತೆ ನೋವು?" ಅಂದ್ರು.

"ಹೊಟ್ಟೆನೋವಿಗೆ ವಾರ ಗೀರ ಇರುತ್ತಾ ಸ್ವಾಮಿ?"

"ಇರುತ್ತಪ್ಪಾ. ನೋಡೋಣ." ಒಂದು ಸಣ್ಣ ಪುಸ್ತಕ, ಪೆನ್ಸಿಲ್ಲು ಕೊಟ್ಟು, "ನೋವು ಬಂದ ದಿನ ಬರ್ಕೊಂಡು ಬಾ" ಅಂದ್ರು.

ನಾನು ಪುಸ್ತಕ ತಗೊಂಡು ಮನೆಗೆ ಬಂದು ಗೂಡಲ್ಲಿ ಇಟ್ಟೆ. ಎರಡು ವಾರ ಆದ್ಮೇಲೆ ಅದನ್ನ ಹಂಗೇ ತಗೊಂಡು ಹೋಗಿ ಮೇಜಿನ ಮೇಲಿಟ್ಟು, "ಬರೆದಿದ್ದೆ ಸ್ವಾಮಿ, ಮಳೇಲಿ ನೆನೆದು ಎಲ್ಲಾ ಅಳಿಸಿಹೋಯ್ತು" ಅಂದೆ.

ಡಾಕ್ಟ್ರು ಪುಸ್ತಕದ ಹಾಳೆ ಬೆರಳಲ್ಲಿ ಸವರಿ ನೋಡಿದ್ರು. ನನ್ನ ಮುಖ ನೋಡಿದ್ರು. ಒಂದು ಕಡ್ಲೆಕಾಯಿ ಸುಲಿದು ಬಾಯಿಗೆ ಹಾಕ್ಕೊಂಡ್ರು. "ಸರಿ, ಪುಸ್ತಕ ಬೇಡ. ನೀನು ನೇಕಾರ ತಾನೇ? ಒಂದು ಉದ್ದನೇ ನೂಲು ತಗೋ. ದಿನಕ್ಕೆ ಒಂದು ಗೇಣು ಅಳೆದು ಅರಿಶಿನದ ಬೊಟ್ಟು ಇಡು. ನೋವು ಬಂದ ದಿನದ ಗೇಣಲ್ಲಿ ಒಂದು ಗಂಟು ಹಾಕು. ನಾಳೆ ಶನಿವಾರ, ನಾಳೆಯಿಂದ ಶುರು. ಮೂರು ವಾರ ಬಿಟ್ಟು ತಗೊಂಡು ಬಾ."

ಇದು ನನಗೆ ಬರೋ ವಿದ್ಯೆ. ತಪ್ಪದೇ ಮಾಡ್ದೆ. ಮೂರು ವಾರ ಆದ್ಮೇಲೆ ಸುತ್ತಿಕೊಂಡು, ಹೆಂಡ್ತಿ ಜೊತೆ ಹೋಗಿ ಕೊಟ್ಟೆ. ಡಾಕ್ಟ್ರು ನೂಲನ್ನ ಮೇಜಿನ ಮೇಲೆ ಬಿಚ್ಚಿದ್ರು. ಕನ್ನಡಕ ತೆಗೆದ್ರು, ಹಾಕಿದ್ರು. ಕಿಟಕಿ ಹತ್ರ ಹೋಗಿ ಬೆಳಕಿಗೆ ಹಿಡಿದ್ರು.

"ಏನಪ್ಪಾ ಇದು, ಒಂದು ಗಂಟೂ ಇಲ್ಲ. ನೋವೇ ಬರ್ಲಿಲ್ವಾ?"

"ಏಳು ಸಲ ಬಂತಲ್ಲ ಸ್ವಾಮಿ. ಏಳು ಗಂಟಿದೆ ನೋಡಿ."

"ಎಲ್ಲಿದ್ಯೋ?"

ಆಗ ನನಗೆ ಹೊಳೀತು. ಮಗ್ಗದ ಮೇಲೆ ಎಳೆ ಕಡಿದ್ರೆ ನಾವು ಗಂಟು ಹಾಕಿ, ತುದಿ ಹಲ್ಲಲ್ಲಿ ಕಡಿದು, ಎಂಜಲು ಹಚ್ಚಿ ಉಜ್ಜಿಬಿಡ್ತೀವಿ. ಸೀರೇಲಿ ಗಂಟು ಕಂಡ್ರೆ ಸಾಹುಕಾರ ಮುಖದ ಮೇಲೆ ಎಸೀತಾನೆ. ಚಿಕ್ಕಂದಿನಿಂದ ಕೈಗೆ ಅದೇ ಬಂದಿರೋದು. ಡಾಕ್ಟ್ರಿಗೆ ತೋರಿಸೋ ಗಂಟು ಅನ್ನೋದು ಮರೆತು, ಇದನ್ನೂ ಹಂಗೇ ಹಾಕ್ಬಿಟ್ಟಿದ್ದೆ. ನನ್ನ ಹೆಂಡ್ತಿ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ಕಳು. ಡಾಕ್ಟ್ರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಕಣ್ಣು ಮುಚ್ಚಿ, ನೂಲನ್ನ ಎರಡು ಬೆರಳ ಮಧ್ಯೆ ಮೆಲ್ಲಗೆ ಎಳೆದುಕೊಳ್ತಾ ಒಂದೊಂದೇ ಗಂಟು ಹುಡುಕಿದ್ರು. ಗೋಡೆ ಮೇಲಿನ ಕ್ಯಾಲೆಂಡರ್ ಜೊತೆ ಲೆಕ್ಕ ಹಾಕಿದ್ರು.

"ಗುರುವಾರ, ಶುಕ್ರವಾರ. ಮತ್ತೆ ಗುರುವಾರ, ಶುಕ್ರವಾರ. ಮೂರನೇ ವಾರನೂ ಅದೇ. ಶುಕ್ರವಾರ ಏನಪ್ಪಾ?"

"ಸಂಘದ ಸಭೆ."

"ಹೂಂ. ಇದೊಂದು ಗಂಟು ಮಾತ್ರ ಸೋಮವಾರ ಬಿದ್ದಿದೆ. ಅವತ್ತೇನು?"

ಸೋಮವಾರ ದೊಡ್ಡಮ್ಮ ಬಂದಿದ್ಲು. ನನಗೆ ಹೊಟ್ಟೆನೋವು ಅಂತ ಗೊತ್ತಾಗಿ, ಹೆಸರುಬೇಳೆ ಗಂಜಿ ಮಾಡ್ಕೊಂಡು ತಂದಿದ್ಲು. ಅಷ್ಟು ಹೇಳ್ದೆ.

"ಆಮೇಲೆ?" ಅಂದ್ರು.

ಎಲ್ಲಾ ಹೇಳಿಬಿಟ್ಟೆ. ಪಟ್ಟಿ, ಸಹಿ, ಸುಳ್ಳು, ಓದಕ್ಕೆ ಬರಲ್ಲ ಅನ್ನೋದು. ಡಾಕ್ಟ್ರು ತಲೆ ಸವರಿ ಸಮಾಧಾನ ಮಾಡ್ಲಿಲ್ಲ, ಬಯ್ಯಲೂ ಇಲ್ಲ.

"ಪುಸ್ತಕ ನೆನೆದಿರ್ಲಿಲ್ಲ ಅಂತ ಅವತ್ತೇ ಗೊತ್ತಾಯ್ತು ಕಣಯ್ಯಾ. ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತಿದ್ದೆ, ಅದಕ್ಕೆ ಇನ್ನೊಂದು ನೋವು. ನೋಡು, ಹುಣ್ಣು ಇದೆ, ಅದು ಸುಳ್ಳಲ್ಲ. ಔಷಧಿ ಕುಡೀಲೇಬೇಕು. ಆದ್ರೆ ವಾರ ವಾರ ಆ ಹುಣ್ಣಿಗೆ ಕೂತು ಅನ್ನ ಹಾಕ್ತಾ ಇರೋನು ನೀನು."

"ಈಗ ನಾನೇನು ಮಾಡ್ಲಿ ಸ್ವಾಮಿ?"

"ನಾನು ಹೊಟ್ಟೆ ಡಾಕ್ಟ್ರು. ದೊಡ್ಡಮ್ಮನ ಮನೆ ದಾರಿ ನನಗೇನು ಗೊತ್ತು?"

ದೊಡ್ಡಮ್ಮ ಬಾಗಿಲಲ್ಲಿ ರಾಟೆ ಇಟ್ಕೊಂಡು ಕಂಡಿಕೆ ಸುತ್ತಾ ಇದ್ಲು. ನಾನು ಅಂಗಳದಲ್ಲೇ ನಿಂತು, "ದೊಡ್ಡಮ್ಮ, ಆ ಪಟ್ಟಿಗೆ ನಾನೂ ಸಹಿ ಹಾಕಿದ್ದೆ" ಅಂದೆ.

ರಾಟೆ ನಿಂತುಹೋಯ್ತು. "ಸಭೆಗೆ ಹೋಗಿರ್ಲಿಲ್ಲ ಅಂದ್ಯಲ್ಲೋ?"

"ಸುಳ್ಳು ಹೇಳ್ದೆ. ನಂಗೆ ಓದಕ್ಕೆ ಬರಲ್ಲ. ಏನು ಬರೆದಿದ್ರು ಅಂತ ಗೊತ್ತಿಲ್ದೆ ಹಾಕ್ಬಿಟ್ಟೆ."

"ಓದಕ್ಕೆ ಬರಲ್ಲ ಅಂತ ನಂಗೆ ಹೇಳಕ್ಕೆ ಬಂದ್ಯೇನೋ? ನಿನ್ನ ಸ್ಕೂಲು ಬಿಡಿಸಿದ್ದು ಯಾರು? ನಾನೇ ಕಣೋ. ನಿಮ್ಮಮ್ಮ ತೀರ್ಕೊಂಡ ವರ್ಷ ನೀನು ದಿನಾ ಅಳ್ತಾ ಸ್ಕೂಲಿಗೆ ಹೋಗ್ತಿದ್ದೆ. ಪಾಪ, ಮನೇಲೇ ಇರ್ಲಿ, ಕಂಡಿಕೆ ಸುತ್ತಲಿ ಅಂತ ನಿಮ್ಮಪ್ಪನಿಗೆ ಹೇಳಿದ್ದೇ ನಾನು." ಆಮೇಲೆ ಕೈಲಿದ್ದ ಕಂಡಿಕೆ ಎತ್ತಿ ಬೀಸಿ ಎಸೆದ್ಲು, ನನ್ನ ಕಿವಿಗೆ ತಾಗ್ತು. "ಸಹಿ ಹಾಕಿದ್ದಕ್ಕಲ್ಲ ಇದು, ಮುಂಡೇದೇ. ನನ್ನ ಕೈ ತುತ್ತು ತಿಂದು ನನ್ನ ಮುಂದೆನೇ ಸುಳ್ಳು ಹೇಳಿದ್ದಕ್ಕೆ! ಶುಕ್ರವಾರ ಹೋಗಿ ಅಲ್ಲೇ ಹೇಳು, ಎಲ್ಲರ ಮುಂದೆ. ಹೇಳದೇ ಈ ಮನೆ ಮೆಟ್ಲು ಹತ್ಬೇಡ."

ನಾನು ತಿರುಗಿ ಹೊರಟೆ.

"ಎಲ್ಲಿಗೋ? ಉಂಡ್ಕೊಂಡು ಹೋಗು. ನಾನು ಹೇಳಿದ್ದು ಶುಕ್ರವಾರದಿಂದ."

ಆ ಗುರುವಾರ ಬಂದ ನೋವು ನಾನು ಜನ್ಮದಲ್ಲಿ ಮರೆಯಲ್ಲ. ಶುಕ್ರವಾರ ಸಭೆಗೆ ಹೋಗೋವಾಗ ಹೆಂಡ್ತಿ ಬಾಗಿಲ ತನಕ ಬಂದು ನಿಂತ್ಲು. ಕಾರ್ಯದರ್ಶಿ ಕಾಗದ ಮುಂದೆ ತಳ್ಳಿದ. ನಾನು ಅದನ್ನ ಮುಟ್ಲಿಲ್ಲ. ಎದ್ದು ನಿಂತ್ಕೊಂಡೆ.

"ಇದರಲ್ಲಿ ಏನಿದೆ ಅಂತ ಓದಿ ಹೇಳ್ಬೇಕು. ನನಗೆ ಓದಕ್ಕೆ ಬರಲ್ಲ. ಹಿಂದೆ ನೂಲಿನ ಪಟ್ಟಿಗೆ ಓದದೇ ಸಹಿ ಹಾಕಿ, ಜ್ವರದಲ್ಲಿ ಮಲಗಿದ್ದೋರ ನೂಲು ತಪ್ಪಿಸಿದ್ದೀನಿ. ಇವತ್ತಿಂದ ಕೇಳದೇ ಹಾಕಲ್ಲ."

ಯಾರಾದ್ರೂ ನಗ್ತಾರೆ ಅಂದ್ಕೊಂಡಿದ್ದೆ. ಯಾರೂ ನಗ್ಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರೀ ಡೈರೆಕ್ಟ್ರು ಒಬ್ಬರಿದ್ರು, ದಪ್ಪ ಕನ್ನಡಕ, ಯಾವಾಗ್ಲೂ ಕಂಕುಳಲ್ಲಿ ನ್ಯೂಸ್ ಪೇಪರ್ರು. ಅವರು ಗಂಟಲು ಸರಿ ಮಾಡ್ಕೊಂಡು, "ನಂಗೂ ಬರಲ್ಲ ಕಣಪ್ಪಾ" ಅಂದ್ರು.

ಕಾರ್ಯದರ್ಶಿ ಬಾಯಿ ಬಿಟ್ಕೊಂಡು, "ಮತ್ತೆ ದಿನಾ ಆ ಪೇಪರ್ರು?"

"ಫೋಟೋ ನೋಡ್ತೀನಿ."

ಆಗ ನಗು ಎದ್ದಿತು. ಆ ನಗು ನಿಲ್ಲೋ ಮುಂಚೆ ಇನ್ನೊಬ್ಬರು ಮೂಲೆಯಿಂದ ಕೈ ಎತ್ತಿದ್ರು. ಏಳು ಜನದಲ್ಲಿ ಮೂರು ಜನ! ಅವತ್ತು ಕಾರ್ಯದರ್ಶಿ ಹಳೇ ಪಟ್ಟಿ ತಂದು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದ. ದೊಡ್ಡಮ್ಮನ ಹೆಸರು ಬಂದಾಗ, "ಆಯಮ್ಮ ಮಗ್ಗ ಎಲ್ಲಿ ನಿಲ್ಲಿಸಿದ್ಲು, ಜ್ವರ ಬಂದಿತ್ತಲ್ಲ" ಅಂತ ಮೂರ್ನಾಲ್ಕು ಜನ ಅಂದ್ರು. ಮುಂದಿನ ಹಂಚಿಕೇಲಿ ಅವಳಿಗೆ ನೂಲು ಬಂತು.

ಹೊಟ್ಟೆನೋವು ಮಂತ್ರ ಹಾಕಿದ ಹಾಗೆ ಹೋಗ್ಲಿಲ್ಲ, ಸುಳ್ಳು ಬರೆಯಬಾರ್ದು. ಮೆಲ್ಲಗೆ ಇಳೀತು. ಎರಡು ತಿಂಗಳಿಗೆ ಬೆಂಗಳೂರಿಗೆ ಹೋದಾಗ ಅಲ್ಲಿಯೋರು ಮತ್ತೆ ಎಕ್ಸ್‌ರೇ ತೆಗೆದು, ಹುಣ್ಣು ಮಾಯ್ತಾ ಇದೆ, ಕುಯ್ಯೋದು ಬೇಡ, ಅದೇ ಔಷಧಿ ಕುಡಿ ಅಂದ್ರು. ಈ ವಯಸ್ಸಿಗೂ ಆ ಹೊಟ್ಟೆ ಮೇಲೆ ಒಂದು ಗೀರೂ ಇಲ್ಲ.

ಆದ್ರೆ ನಾನು ಹೇಳಬೇಕು ಅಂತಿದ್ದಿದ್ದು ಆ ಶುಕ್ರವಾರದ ಮಾರನೇ ದಿನದ ವಿಷಯ. ಬೆಳಿಗ್ಗೇನೇ ಓಡಿಹೋಗಿ, ಸಭೇಲಿ ನಡೆದಿದ್ದೆಲ್ಲಾ ಡಾಕ್ಟ್ರಿಗೆ ಒಂದೇ ಉಸಿರಿಗೆ ಹೇಳ್ದೆ. ಭೇಷ್ ಅಂತಾರೆ, ಬೆನ್ನು ತಟ್ತಾರೆ ಅಂತ ನನಗೆ ಆಸೆ. ಅವರು ಕಡ್ಲೆಕಾಯಿ ಸುಲಿಯೋದು ನಿಲ್ಲಿಸಿ, "ಮೂರು ಜನ ಅಂದ್ಯಾ?" ಅಂದ್ರು.

"ಹೂಂ ಸ್ವಾಮಿ. ನಾನು, ಇನ್ನಿಬ್ರು."

"ಹಂಗಾದ್ರೆ ಇಲ್ಯಾಕೆ ನಿಂತಿದ್ದೀಯಾ? ಆ ಇಬ್ರಿಗೂ ಎಲ್ಲಿ ನೋವು ಅಂತ ಕೇಳ್ಕೊಂಡು ಬಾ ಹೋಗು."

ಹೋಗಿ ಕೇಳ್ದೆ. ಒಬ್ಬರಿಗೆ ಎದೆಯುರಿ, ಹನ್ನೆರಡು ವರ್ಷದಿಂದ. ಪೇಪರ್ರಿನ ಹಿರಿಯರಿಗೆ ಅರೆತಲೆನೋವು. ಯಾವ ವಾರ ಅಂತ ನಾನೇ ಕೇಳ್ದೆ. ಇಬ್ರೂ ಯೋಚನೆ ಮಾಡಿ ಹೇಳಿದ್ದು ಶುಕ್ರವಾರ. ಇಬ್ರನ್ನೂ ಕರ್ಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸ್ದೆ. ಆ ವರ್ಷನೇ ಮೂರೂ ಜನ ಸಂಜೆ ಹೊತ್ತು ದೊಡ್ಡೋರ ಅಕ್ಷರದ ಕ್ಲಾಸಿಗೆ ಸೇರಿದ್ವಿ. ನಾನು ಮುಂದಕ್ಕೆ ಏಳನೇ ಕ್ಲಾಸು ಖಾಸಗಿಯಾಗಿ ಕಟ್ಟಿ ಪಾಸು ಮಾಡ್ದೆ. ಹಿರಿಯರು ಅಷ್ಟು ದೂರ ಬರ್ಲಿಲ್ಲ, ಪೇಪರ್ರಿನ ದಪ್ಪ ಅಕ್ಷರ ಮಾತ್ರ ಓದೋರು, ಬೀದಿಗೆಲ್ಲಾ ಕೇಳೋ ಹಾಗೆ.

ಒಂದು ಭಾನುವಾರ ಡಾಕ್ಟ್ರು ನನ್ನ ಕರೆದು, "ಈ ಹುಡುಗರಿಗೆ ನಿನ್ನ ಕಥೆ ಹೇಳ್ಲಾ? ನಿನ್ನ ಹೆಸರು ಹೇಳಲ್ಲ" ಅಂತ ಅಪ್ಪಣೆ ಕೇಳಿದ್ರು. ನನ್ನ ಹತ್ರ ಅಪ್ಪಣೆ! ಹೇಳಿ ಸ್ವಾಮಿ ಅಂದೆ. ಅವರು ಕೊನೇವರೆಗೂ ನನ್ನ ಹೆಸರು ಎಲ್ಲೂ ಹೇಳ್ಲಿಲ್ಲ, ಅದಕ್ಕೇ ನಾನೂ ಇಲ್ಲಿ ಅವರ ಹೆಸರು ಹಾಕ್ಲಿಲ್ಲ. ಎಪ್ಪತ್ತರ ದಶಕ ಮುಗಿಯೋ ಹೊತ್ತಿಗೆ ತೀರಿಕೊಂಡ್ರು. ಅವತ್ತು ಆ ಬೀದೀಲಿ ಒಂದು ಪವರ್‌ಲೂಮೂ ಓಡ್ಲಿಲ್ಲ, ಯಾರೂ ಹೇಳಿ ನಿಲ್ಲಿಸಿದ್ದಲ್ಲ. ಬೆಂಗಳೂರಿಂದ ಬಂದಿದ್ದ ಅವರ ಶಿಷ್ಯರು, ಆಗಲೇ ದೊಡ್ಡ ದೊಡ್ಡ ಡಾಕ್ಟ್ರುಗಳಾಗಿದ್ರು, ನಮ್ಮ ಜೊತೇಲಿ ಜಗುಲಿ ಮೇಲೆ ಕೂತು, ಒಬ್ಬೊಬ್ಬರನ್ನೂ "ನಿಮಗೇನಾಗಿತ್ತು?" ಅಂತ ಕೇಳಿ ಕೇಳಿ ಬರ್ಕೊಂಡ್ರು. ದೊಡ್ಡಮ್ಮ ತನಗೇನೂ ಕಾಯಿಲೆ ಇರ್ಲಿಲ್ಲ ಅಂತ ಹೇಳಿ, ಅವರನ್ನ ಒಂದು ಗಂಟೆ ಕೂರಿಸಿಕೊಂಡು ನನ್ನ ಕಾಯಿಲೆ ಹೇಳಿದ್ಲು.

ಇಷ್ಟು ಟೈಪ್ ಮಾಡಕ್ಕೆ ನನಗೆ ಹನ್ನೊಂದು ದಿನ ಹಿಡೀತು. ಈಗ ನಿಮ್ಮ ಸರದಿ. ನಿಮಗೂ ಯಾವುದೋ ಒಂದು ವಾರಕ್ಕೇ ಬರೋ ನೋವು ಇತ್ತಾ? ಔಷಧಿ ಬರೆಯೋ ಮುಂಚೆ ನಿಮ್ಮ ಮಾತು ಕೇಳಿದ ಡಾಕ್ಟ್ರೋ, ಮೇಷ್ಟ್ರೋ, ಪಕ್ಕದ ಮನೆಯೋರೋ ಯಾರಾದ್ರೂ ಇದ್ರಾ? ಇದ್ರೆ ಬರೆದು ಕಳಿಸಿ, ಉದ್ದ ಆದ್ರೂ ಪರವಾಗಿಲ್ಲ. ನಾನು ಓದೋದು ನಿಧಾನ, ಆದ್ರೆ ಪೂರ್ತಿ ಓದ್ತೀನಿ.